ಅತ್ತೆಯ ಹಲ್ಲು, ಅಳಿಯನ ನೆನಪು

ಅತ್ತೆಯ ಹಲ್ಲುಸೆಟ್ಟು ಕಾಣೆಯಾಗಿತ್ತು. ಕಳೆದವನು ಅಳಿಯನೇ ಎಂದು ಬೆಳಗಿನ ಕಾಫಿ ಮುಗಿಯುವುದರೊಳಗೆ ತೀರ್ಮಾನವೂ ಆಗಿತ್ತು.

ಅಳಿಯ ಬಸ್ ನಿಲ್ದಾಣದ 'ಕಳೆದುಹೋದ ವಸ್ತುಗಳು' ಕೌಂಟರಿನಲ್ಲಿ ಗುಮಾಸ್ತ. ಹತ್ತೊಂಬತ್ತು ವರ್ಷಗಳಿಂದ ಕಂಡವರ ಕೊಡೆ, ಚೀಲ, ಒಂಟಿ ಚಪ್ಪಲಿಗಳಿಗೆ ಚೀಟಿ ಕಟ್ಟಿ ಜೋಪಾನ ಮಾಡಿದವನು. ಆದರೆ ಸ್ವಂತ ವಸ್ತುಗಳ ವಿಷಯದಲ್ಲಿ ಅವನ ತಲೆ ತೂತು ಬಿದ್ದ ಜೇಬು. ಕನ್ನಡಕ ಹಣೆಯ ಮೇಲೇರಿಸಿಕೊಂಡೇ ಮನೆಯೆಲ್ಲ ಕನ್ನಡಕ ಹುಡುಕುತ್ತಿದ್ದ.

"ನಿನ್ನೆ ಡೆಂಟಿಸ್ಟ್ ಹತ್ರ ಇಸ್ಕೊಂಡೆ. ದಾರೀಲಿ ದರ್ಜಿ ಅಂಗಡಿಯಿಂದ ಪ್ಯಾಂಟ್ ತಗೊಂಡೆ. ಮನೆಗೆ ಬಂದು ಹಲ್ಲಿನ ಡಬ್ಬೀನ ಮೇಜಿನ ಮೇಲಿಟ್ಟ ಹಾಗಿತ್ತು ಕಣೇ..."

"ಇಟ್ಟ ಹಾಗಿತ್ತು! ಇಟ್ಟಿದ್ರೆ ಇರ್ತಿತ್ತು" ಎಂದಳು ಹೆಂಡತಿ. "ಒಸಡಿಗೆ ಒತ್ತುತ್ತೆ ಅಂತ ಸರಿಮಾಡ್ಸೋಕೆ ಕೊಟ್ಟಿದ್ದು. ಇವತ್ತು ಸಾಯಂಕಾಲ ಚಿಕ್ಕಮ್ಮ ಬರ್ತಿದ್ದಾರೆ. ಹನ್ನೊಂದು ವರ್ಷ ಆದ್ಮೇಲೆ! ಅಮ್ಮ ಅವರ ಮುಂದೆ ಬೊಚ್ಚುಬಾಯಲ್ಲಿ ಕೂತ್ಕೋಬೇಕಾ?"

ಹನ್ನೊಂದು ವರ್ಷದ ಹಿಂದೆ ತಂಗಿ ಏನೋ ಹೇಳಿದಾಗ ಅತ್ತೆ ಜನರೆದುರು ಗೊಳ್ಳೆಂದು ನಕ್ಕುಬಿಟ್ಟಿದ್ದರಂತೆ. ಅಂದಿನಿಂದ ಅಕ್ಕತಂಗಿಯರ ನಡುವೆ ಮಾತಿಲ್ಲ, ಕತೆಯಿಲ್ಲ. ಹೋದ ವಾರ ಇದ್ದಕ್ಕಿದ್ದಂತೆ ತಂಗಿಯದೇ ಫೋನು. ಅಂದಿನಿಂದ ಅತ್ತೆಗೆ ಊಟ ಸೇರುತ್ತಿರಲಿಲ್ಲ.

"ಮೇಜಿನ ಮೇಲೆ ಏನೂ ಇರ್ಲಿಲ್ಲಪ್ಪ" ಎಂದರು ಅತ್ತೆ ಮೆಲ್ಲಗೆ. ಹಲ್ಲಿಲ್ಲದ ಬಾಯಿಂದ ಮಾತಿಗಿಂತ ಗಾಳಿಯೇ ಹೆಚ್ಚು ಬಂತು. ಅಳಿಯ ಮತ್ತೊಮ್ಮೆ ಮೇಜಿನ ಕೆಳಗೆ ಬಗ್ಗಿ ನೋಡಿದ.

ಅಷ್ಟರಲ್ಲಿ ಮೇಲಿನ ಮನೆಯ ಡ್ರಾಯಿಂಗ್ ಮೇಷ್ಟ್ರು ಮೆಟ್ಟಿಲಿಳಿದು ಬಂದರು. ನಿವೃತ್ತರಾದ ಮೇಲೆ ಅವರು ಬಿಡಿಸುತ್ತಿದ್ದುದು ಬೇರೆಯವರ ಸಮಸ್ಯೆಗಳನ್ನು ಮಾತ್ರ.

"ಸಮ್ಮೋಹನ ಮಾಡ್ಸಿ! ಹಿಪ್ನಾಟಿಸಂ! ತಲೆಯೊಳಗೆ ಎಲ್ಲಾ ಟೇಪಿನ ಥರ ರೆಕಾರ್ಡ್ ಆಗಿರುತ್ತೆ. ಡಾಕ್ಟ್ರು ಸರ ಅಲ್ಲಾಡಿಸ್ತಾರೆ, ಇವರು ದೊಪ್ ಅಂತ ನಿದ್ದೆಗೆ ಬೀಳ್ತಾರೆ, ಕೇಳಿದ್ದಕ್ಕೆಲ್ಲ ಸತ್ಯ ಹೇಳ್ತಾರೆ. ಸುಳ್ಳು ಹೇಳೋಕೆ ಆಗೋದೇ ಇಲ್ಲ!"

"ಆಮೇಲೆ ಏಳದೇ ಇದ್ರೆ?" ಎಂದ ಅಳಿಯ.

"ಚಪ್ಪಾಳೆ ಹೊಡೆದ್ರೆ ಏಳ್ತೀರಿ. ಆದ್ರೆ ಹೊಡೆದೋರು ಹೇಳಿದ ಹಾಗೆ ಕೇಳ್ಬೇಕಾಗುತ್ತೆ, ಅಷ್ಟೆ."

ಅದರಲ್ಲಿ ಹೊಸತೇನಿದೆ ಎಂದುಕೊಂಡು ಅಳಿಯ ಕಚೇರಿಗೆ ರಜೆ ಹೇಳಿದ.

ಮನೋವೈದ್ಯೆಯ ಕೋಣೆಯಲ್ಲಿ ಸರವೂ ಇರಲಿಲ್ಲ, ಕಪ್ಪು ನಿಲುವಂಗಿಯೂ ಇರಲಿಲ್ಲ. ಮೇಷ್ಟ್ರು ನಿರಾಶರಾಗಿ ಹೊರಗಿನ ಬೆಂಚಿನಲ್ಲಿ ಕುಳಿತರು.

"ನೀವು ನಿದ್ದೆ ಹೋಗಲ್ಲ" ಎಂದರು ವೈದ್ಯೆ. "ನನ್ನ ಮಾತು ಕೇಳಿಸ್ತಾನೇ ಇರುತ್ತೆ. ಬೇಡ ಅನ್ಸಿದ್ರೆ ಕಣ್ಣು ಬಿಟ್ಟು ಎದ್ದು ಹೋಗ್ಬಹುದು. ನಿಮಗೆ ಇಷ್ಟ ಇಲ್ಲದ್ದನ್ನ ನಿಮ್ಮ ಕೈಲಿ ಯಾರಿಗೂ ಮಾಡ್ಸೋಕಾಗಲ್ಲ. ಒಳ್ಳೆ ಪುಸ್ತಕ ಓದ್ತಾ ಮೈಮರೀತೀವಲ್ಲ, ಹೆಚ್ಚುಕಡಿಮೆ ಹಾಗೆ. ಭಯಕ್ಕೆ, ನೋವಿಗೆ ನಾನಿದನ್ನ ಬಳಸ್ತೀನಿ. ಕಳೆದ ವಸ್ತು ಹುಡುಕೋಕಲ್ಲ. ನೆನಪು ಅಂದ್ರೆ ಟೇಪಲ್ಲ. ಈ ಸ್ಥಿತೀಲಿ ಕಲ್ಪನೆ ಕೂಡ ನೆನಪಿನ ವೇಷ ಹಾಕ್ಕೊಂಡು ಬರುತ್ತೆ."

"ಒಂದು ಸಲ ನೋಡಿ ಡಾಕ್ಟ್ರೇ, ಬರೀ ಮನಸ್ಸು ಹಗುರ ಆದ್ರೂ ಸಾಕು" ಎಂದು ಹೆಂಡತಿ ಕೈಮುಗಿದಳು.

ಅಳಿಯ ಕಣ್ಣು ಮುಚ್ಚಿದ. ಉಸಿರು ನಿಧಾನವಾಯಿತು. ಭುಜಗಳು ಬೆಣ್ಣೆಯಂತೆ ಇಳಿದವು. ಹೊರಗೆ ಮೇಷ್ಟ್ರು ಕೆಮ್ಮಿದ್ದೂ ಕೇಳಿಸಿತು. ಹೆಂಡತಿಗೆ ತಡೆಯಲಾಗಲಿಲ್ಲ.

"ರೀ, ನಾನು ಹೆಣೆದ ಸ್ವೆಟರ್ ನಿಮಗೆ ನಿಜವಾಗ್ಲೂ ಇಷ್ಟಾನಾ?"

ಆ ಸ್ವೆಟರಿಗೆ ಒಂದು ತೋಳು ಉದ್ದ, ಕತ್ತು ಬಿಗಿ. "ತುಂಬಾ ಇಷ್ಟ" ಎಂದ ಅಳಿಯ, ಮುಚ್ಚಿದ ಕಣ್ಣಲ್ಲೇ, ಪೂರ್ತಿ ಎಚ್ಚರದಿಂದ. ಹೆಂಡತಿಯ ಕಣ್ಣು ತುಂಬಿತು. ಇನ್ನು ಇವರ ಬಾಯಿಂದ ಬರುವುದೆಲ್ಲ ಸತ್ಯವೇ ಎಂದು ಅವಳಿಗೆ ಖಾತ್ರಿಯಾಯಿತು.

"ಹಾಗಾದ್ರೆ ಹೇಳಿ, ದರ್ಜಿ ಅಂಗಡೀಲಿ ಡಬ್ಬಿ ಎಲ್ಲಿಟ್ರಿ?"

"ಹಾಗೆ ಕೇಳ್ಬಾರ್ದು!" ಎಂದು ವೈದ್ಯೆ ತಡೆಯುವಷ್ಟರಲ್ಲಿ ಅಳಿಯನ ಕಣ್ಣ ಮುಂದೆ ಚಿತ್ರ ಮೂಡಿಬಿಟ್ಟಿತ್ತು. ಗೋಡೆಯಲ್ಲೊಂದು ನೀಲಿ ಗೂಡು, ಅದರಲ್ಲಿ ಗುಂಡಿಗಳ ಡಬ್ಬಿಗಳು, ಅವುಗಳ ಹಿಂದೆ ಅತ್ತೆಯ ಹಲ್ಲಿನ ಡಬ್ಬಿ, ಅದನ್ನು ಅಲ್ಲಿಡುತ್ತಿರುವ ತನ್ನದೇ ಕೈ!

"ಸಿಕ್ತು!" ಎಂದು ಎದ್ದೇಬಿಟ್ಟ.

"ನೀವು ಇಟ್ಟಿದ್ದನ್ನ ನೋಡಿದ್ರೋ, ಇವರು ಕೇಳಿದ್ದನ್ನ ನೋಡಿದ್ರೋ, ಅದು ನಿಮಗೇ ಗೊತ್ತಾಗಲ್ಲ" ಎಂದು ವೈದ್ಯೆ ಕೂಗಿ ಹೇಳಿದ್ದು ಖಾಲಿ ಕುರ್ಚಿಗೆ.

ದರ್ಜಿ ಮೊದಲು ನಕ್ಕ. ಆಮೇಲೆ ಮೇಷ್ಟ್ರು "ಸಮ್ಮೋಹನದಲ್ಲಿ ಬಂದಿದೆ, ಸುಳ್ಳಾಗಲ್ಲ" ಎಂದು ಸ್ಟೂಲು ಹತ್ತಿದಾಗ ನಗು ನಿಂತಿತು.

"ನಾನೇನು ಹಲ್ಲು ಕದಿಯೋನೇನ್ರೀ? ನೋಡಿ, ನನ್ನ ಗೂಡಿಗೆ ಇವತ್ತಿನವರೆಗೂ ಬಣ್ಣಾನೇ ಹೊಡೆಸಿಲ್ಲ!"

ನಿಜವಾಗಿಯೂ ಗೂಡು ಬರೀ ಸಿಮೆಂಟಿನದು. ಅಳಿಯ ಕಣ್ಣುಜ್ಜಿಕೊಂಡ. ಮನಸ್ಸಿನಲ್ಲಿ ಮಾತ್ರ ಅದಿನ್ನೂ ಹೊಳೆಯುವ ನೀಲಿ. ಅಷ್ಟರಲ್ಲಿ ಮೇಷ್ಟ್ರ ಮೊಣಕೈ ತಗುಲಿ ಹದಿನಾಲ್ಕು ಡಬ್ಬಿಗಳು ಒಂದರ ಹಿಂದೊಂದು ಉರುಳಿದವು. ಗುಂಡಿಗಳು ಆಲಿಕಲ್ಲಿನಂತೆ ಸುರಿದು ಅಂಗಡಿ ದಾಟಿ ಬೀದಿಗೆ ಹರಿದವು. ಮೇಷ್ಟ್ರಿಗೆ ತಕ್ಷಣ ಸೊಂಟ ಹಿಡಿದುಕೊಂಡಿತು. ಅಳಿಯನೊಬ್ಬನೇ ನಾಲ್ಕು ಗಂಟೆಯವರೆಗೂ ಮಂಡಿಯೂರಿ ಗುಂಡಿ ಹೆಕ್ಕಿ, ಕೋಟಿನದು ಬೇರೆ, ಅಂಗಿಯದು ಬೇರೆ ಎಂದು ವಿಂಗಡಿಸಿ ಕೊಟ್ಟ.

"ಇನ್ಮೇಲೆ ಪ್ಯಾಂಟ್ ಬೇರೆ ಕಡೆ ಹೊಲಿಸ್ಕೊಳ್ಳಿ" ಎಂದ ದರ್ಜಿ.

ಐದಕ್ಕೆ ಚಿಕ್ಕಮ್ಮ ಬಂದರು. ಬಾಗಿಲಲ್ಲಿ ನಿಂತವರು ಬಾಯಿಗೆ ಅಡ್ಡ ಹಿಡಿದ ಕರವಸ್ತ್ರ ತೆಗೆಯಲಿಲ್ಲ. ಬಡಕಲಾಗಿದ್ದರು. ಅತ್ತೆ ಎದ್ದು ಹೋಗಿ ತಂಗಿಯ ಮುಖವನ್ನೇ ನೋಡಿದರು. ನೋಡಿ, ಬೊಚ್ಚುಬಾಯಿ ಪೂರ್ತಿ ತೆರೆದು ನಕ್ಕರು.

ಚಿಕ್ಕಮ್ಮ ಒಂದು ಕ್ಷಣ ಕಣ್ಣರಳಿಸಿದರು. "ಅಕ್ಕಾ, ನಿಂದೂ ಹೋಯ್ತಾ?"

"ಒಂದೂ ಉಳಿದಿಲ್ಲ ಕಣೇ!"

ಕರವಸ್ತ್ರ ಕೆಳಗೆ ಬಿತ್ತು. ಅಲ್ಲೂ ಒಂದು ಹಲ್ಲಿರಲಿಲ್ಲ. ಇಬ್ಬರೂ ಒಬ್ಬರ ಭುಜವನ್ನೊಬ್ಬರು ಹಿಡಿದು, ಮಾತಾವುದು ಗಾಳಿಯಾವುದು ತಿಳಿಯದಂತೆ ನಗುತ್ತ ಅಳುತ್ತ ನಿಂತುಬಿಟ್ಟರು.

ನೀರು ತರಲು ಅಡುಗೆಮನೆಗೆ ಬಂದ ಅಳಿಯನ ಹಿಂದೆಯೇ ಅತ್ತೆ ಬಂದು ಬಾಗಿಲು ಒರಗಿಸಿದರು. ಅಕ್ಕಿ ಡಬ್ಬಕ್ಕೆ ಮೊಣಕೈವರೆಗೆ ಕೈ ಹಾಕಿ ಪುಟ್ಟ ಡಬ್ಬಿಯೊಂದನ್ನು ಎತ್ತಿ ತೋರಿಸಿದರು.

"ನೀವು ಮೇಜಿನ ಮೇಲೇ ಇಟ್ಟಿದ್ರಿ. ನಾನೇ ತೆಗೆದಿಟ್ಟೆ."

"ಅತ್ತೇ! ನಾನು ಕಣ್ಣಾರೆ ಕಂಡೆ... ನೀಲಿ ಗೂಡು..."

"ಕಾಯಿಲೆಯಲ್ಲಿ ಹಲ್ಲೆಲ್ಲ ಹೋಯ್ತು ಅಂತ ಫೋನಲ್ಲಿ ಅತ್ಲಪ್ಪ. ಅವಳ ಮುಂದೆ ನಾನು ಹೊಸ ಹಲ್ಲು ಕಿರೀಲಾ? ಇದ್ದೂ ಹಾಕ್ಕೊಂಡಿಲ್ಲ ಅಂದ್ರೆ ಕನಿಕರ ಅಂದ್ಕೊಳ್ತಾಳೆ. ನನ್ನ ಮಗಳ ಹೊಟ್ಟೇಲಿ ಗುಟ್ಟು ನಿಲ್ಲಲ್ಲ. ನೀವು ಬಾಯಿ ಬಿಡ್ಬೇಡಿ." ಡಬ್ಬಿಯನ್ನು ಮತ್ತೆ ಅಕ್ಕಿಯೊಳಗೆ ಹೂತು, ಅವನ ಕೆನ್ನೆ ಸವರಿದರು. ಮದುವೆಯಾದ ಹದಿನಾರು ವರ್ಷದಲ್ಲಿ ಅದೇ ಮೊದಲು.

ಹೊರಗೆ ಚಿಕ್ಕಮ್ಮ ಹೇಳುತ್ತಿದ್ದರು: "ಎರಡು ತಿಂಗಳು ಇಲ್ಲೇ ಇರ್ತೀನಿ."

ಮೇಷ್ಟ್ರು ಸೊಂಟಕ್ಕೆ ಪಟ್ಟಿ ಬಿಗಿದುಕೊಂಡು ಕಾಯುತ್ತಿದ್ದರು. "ಬೇರೆ ಸಮ್ಮೋಹನದೋರನ್ನ ಗೊತ್ತುಮಾಡಿದ್ದೀನಿ. ಇವರು ಸರ ಅಲ್ಲಾಡಿಸ್ತಾರೆ! ಹಲ್ಲು ಸಿಗೋವರೆಗೂ ದಿನಾ ಕರ್ಕೊಂಡು ಬನ್ನಿ ಅಂದಿದ್ದಾರೆ."

"ಹೋಗಿ ಬನ್ನಿ ರೀ, ಅಮ್ಮನಿಗೋಸ್ಕರ" ಎಂದಳು ಹೆಂಡತಿ.

ಅಡುಗೆಮನೆಯ ಬಾಗಿಲಲ್ಲಿ ಅತ್ತೆ ಅವನನ್ನೇ ನೋಡುತ್ತಿದ್ದರು. ಅಳಿಯ "ಆಗಲಿ" ಎಂದು, ನಾಳೆ ಯಾವ ಜಾಗವನ್ನು ನೆನಪು ಮಾಡಿಕೊಂಡರೆ ಯಾರ ಅಂಗಡಿಗೂ ಅಪಾಯವಿಲ್ಲ ಎಂದು ಯೋಚಿಸುತ್ತ ಕುಳಿತ.