ಕೂರಿಸಿದ ಹಲ್ಲಿನ ಗುಟ್ಟು

ಎಲೆಕೋಸಿನ ಒಂದು ಎಸಳು ಕಚ್ಚಿದ್ದಷ್ಟೇ, ಸುನ್ಯೆಯ ಮುಂದಿನ ಹಲ್ಲು ಅಲ್ಲಾಡಿತು.

ಹುಟ್ಟಿನಿಂದ ಬಂದ ಹಲ್ಲಾಗಿದ್ದರೆ ಹಾಳಾಗಿ ಹೋಗಲಿ ಎನ್ನಬಹುದಿತ್ತು. ಇದು ಡಾಕ್ಟರ್ ಪ್ಯೊ ದವಡೆಯ ಮೂಳೆಗೆ ತಿರುಪು ಕೂರಿಸಿ, ಅದರ ಮೇಲೆ ಹಾಕಿಕೊಟ್ಟ ಇಂಪ್ಲಾಂಟ್ ಹಲ್ಲು. ಅದು ಬರುವ ತನಕ ಸುನ್ಯೆ ಬಾಯಿಗೆ ಕೈ ಅಡ್ಡ ಹಿಡಿದೇ ನಗುತ್ತಿದ್ದಳು. ಬಂದ ಮೇಲೆ ಮೊಕ್ಪೊ ಬಂದರಿನ ಮೀನಂಗಡಿ ಸಾಲಿನಲ್ಲಿ ಅವಳ ನಗು ಕೇಳದ ದಿನವಿರಲಿಲ್ಲ. ಬರುವ ತಿಂಗಳು ಮಗಳ ಮದುವೆ. ಫೋಟೊದಲ್ಲಿ ಬಾಯ್ತುಂಬ ನಗಬೇಕೆಂದು ಕನ್ನಡಿ ಮುಂದೆ ಅಭ್ಯಾಸವೂ ಶುರುವಾಗಿತ್ತು.

ಅವತ್ತು ಪಕ್ಕದ ಮನೆಯ ಮಾಲ್ಜಾಳ ಅಂಗಳದಲ್ಲಿ ಚಳಿಗಾಲಕ್ಕೆ ಕಿಮ್ಚಿ ಹಾಕುವ ದಿನ. ಓಣಿಯ ಹೆಂಗಸರೆಲ್ಲ ಕೆಂಪು ರಬ್ಬರ್ ಗ್ಲೌಸ್ ತೊಟ್ಟು, ಉಪ್ಪಿನಲ್ಲಿ ನೆನೆದ ಎಲೆಕೋಸಿಗೆ ಮೆಣಸಿನ ಮಸಾಲೆ ಬಳಿಯುತ್ತ ಕೂತಿದ್ದರು. ಬಳಿದ ಎಸಳಿನಲ್ಲಿ ಬೇಯಿಸಿದ ಹಂದಿಮಾಂಸ ಸುತ್ತಿ ಪಕ್ಕದವಳ ಬಾಯಿಗೆ ತುರುಕುವುದು ಆ ದಿನದ ಮರ್ಯಾದೆ. ಬೇಡವೆಂದರೆ ಮಸಾಲೆ ಕಲಸಿದವಳನ್ನು ಬೈದ ಹಾಗೆ.

"ಇನ್ನೊಂದು ತಗೊ" ಎಂದು ಮಾಲ್ಜಾ ತುತ್ತು ಚಾಚಿದಳು.

"ಸಾಕಕ್ಕ."

"ಯಾಕೆ, ಉಪ್ಪಾಗಿದ್ಯಾ?"

"ಇಲ್ಲಕ್ಕ."

"ಹಾಗಾದ್ರೆ ಸಪ್ಪೆ. ಹೇಳ್ಬಿಡು, ಪರವಾಗಿಲ್ಲ. ನಮ್ಮತ್ತೆ ಸತ್ತ ಮೇಲೆ ನನ್ನ ಕಿಮ್ಚಿಗೆ ಹೆಸರಿಡೋರೇ ಇರ್ಲಿಲ್ಲ."

"ಹೊಟ್ಟೆ ಕಟ್ಕೊಂಡಿದೆ ಅಕ್ಕ" ಎಂದು ಸುನ್ಯೆ ಬಾಯಿಗೆ ಬಂದ ಸುಳ್ಳು ಹೇಳಿದಳು.

ಅಲ್ಲಿಗೆ ಕೆಟ್ಟಿತು. ಹೊಟ್ಟೆ ಕಟ್ಟಿಕೊಂಡವರ ಹೆಬ್ಬೆರಳಿಗೆ ಸೂಜಿ ಚುಚ್ಚಿ ಕಪ್ಪು ರಕ್ತ ತೆಗೆಯಬೇಕೆಂದು ಆ ಓಣಿಯಲ್ಲಿ ಯಾರಿಗೆ ಗೊತ್ತಿಲ್ಲ? ಒಬ್ಬಳು ಬೆನ್ನು ಗುದ್ದಿದಳು, ಇನ್ನೊಬ್ಬಳು ಬೆರಳಿಗೆ ದಾರ ಬಿಗಿದಳು, ಮಾಲ್ಜಾ ಸೂಜಿಯನ್ನು ತಲೆಗೂದಲಿಗೆ ಉಜ್ಜಿ ಚುಚ್ಚಿಯೇಬಿಟ್ಟಳು.

"ನೋಡ್ರೇ, ಎಷ್ಟು ಕಪ್ಪಗಿದೆ. ಆ ಕೈನೂ ತಾ."

ಎರಡನೆಯ ಹೆಬ್ಬೆರಳಿಗೂ ರಕ್ತ ಬಂದ ಮೇಲೆ ಸುನ್ಯೆ ಸೋತಳು. "ಹೊಟ್ಟೆ ಅಲ್ಲಕ್ಕ, ಹಲ್ಲು. ಅಲ್ಲಾಡ್ತಿದೆ."

ಒಬ್ಬಳೇ ಹೋಗಿ ಬರುತ್ತೇನೆಂದರೆ ಕೇಳುವವರು ಯಾರು? ಏಪ್ರನ್, ಗ್ಲೌಸು, ಬೆಳ್ಳುಳ್ಳಿ ವಾಸನೆಯ ಸಮೇತ ಅರ್ಧ ಓಣಿ ಅವಳ ಹಿಂದೆ ದಂತವೈದ್ಯರ ಕ್ಲಿನಿಕ್ಕಿಗೆ ನುಗ್ಗಿತು. ಕಾಯುತ್ತಿದ್ದ ಒಬ್ಬ ಮುದುಕ ಹೆದರಿ ಎದ್ದು ಜಾಗ ಬಿಟ್ಟ. ಸುನ್ಯೆಯೊಬ್ಬಳೇ ಒಳಗೆ ಹೋದಳು.

ಡಾಕ್ಟರ್ ಪ್ಯೊ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ನೋಡಿದರು.

"ಹಲ್ಲು ಚೆನ್ನಾಗಿ ಉಜ್ಜಿದ್ದೀರಿ, ಕೀವೂ ಇಲ್ಲ. ಆದ್ರೆ ತಿರುಪಿನ ಸುತ್ತ ಮೂಳೆಯೇ ಸವೆದುಹೋಗಿದೆಯಮ್ಮ. ನಿಜ ಹೇಳಿ, ಮುಟ್ಟು ನಿಂತು ಎಷ್ಟು ಕಾಲವಾಯ್ತು?"

ಹಲ್ಲು ಕೂರಿಸುವಾಗಲೂ ಈ ಪ್ರಶ್ನೆ ಬಂದಿತ್ತು. ಅಂದು ಕೇಳಿದವಳು ಹೊರಗಿನ ಮೇಜಿನಲ್ಲಿ ಹೆಸರು ಬರೆದುಕೊಳ್ಳುವ ಮಿರಾನ್, ಮಾಲ್ಜಾಳ ಮಗಳು. "ಮುಟ್ಟು ಸರಿಯಾಗಿ ಆಗ್ತಿದ್ಯಾ ಚಿಕ್ಕಮ್ಮ? ಆಪರೇಷನ್ ಏನಾದ್ರೂ?" ಎಂದು ಕೂತವರಿಗೆಲ್ಲ ಕೇಳುವ ಹಾಗೆ ಕೇಳಿದ್ದಳು. "ಎಲ್ಲಾ ಸರಿಯಾಗಿದೆ" ಎಂದಿದ್ದಳು ಸುನ್ಯೆ. ನಿಜವಾಗಿ, ಗ್ವಾಂಗ್ಜುವಿನ ದೊಡ್ಡ ಆಸ್ಪತ್ರೆಯಲ್ಲಿ ಅವಳ ಎರಡೂ ಅಂಡಾಶಯ ತೆಗೆದು ಹತ್ತು ವರ್ಷವಾಗಿತ್ತು. ಅಣ್ಣನ ಆರೈಕೆಗೆ ಹೋಗುತ್ತೇನೆಂದು ಓಣಿಗೆ ಹೇಳಿದ್ದಳು. ಒಳಗೆ ಖಾಲಿಯಾದ ಹೆಂಗಸು ಎಂದು ಆಡಿಕೊಂಡಾರೆಂಬ ಭಯ. ಕೊಟ್ಟ ಹಾರ್ಮೋನ್ ಮಾತ್ರೆಗಳನ್ನೂ, ಯಾರ ಕಣ್ಣಿಗಾದರೂ ಬಿದ್ದೀತೆಂದು ಎಸೆದಿದ್ದಳು.

ಈಗ ಎಲ್ಲವನ್ನೂ ಹೇಳಿದಳು. ಡಾಕ್ಟರ್ ಬೈಯಲಿಲ್ಲ. ಬೈದಿದ್ದರೆ ಅವಳಿಗೆ ಸಮಾಧಾನವಾಗುತ್ತಿತ್ತು.

"ಅಂಡಾಶಯದಿಂದ ಬರೋ ಹಾರ್ಮೋನ್ ಹೋದ್ರೆ ಮೂಳೆ ಕಟ್ಟೋದಕ್ಕಿಂತ ಸವೆಯೋದೇ ಜಾಸ್ತಿ ಆಗ್ಬಹುದು. ಗೊತ್ತಿದ್ರೆ ಮೊದಲು ಮೂಳೆ ಪರೀಕ್ಷೆ ಮಾಡಿಸ್ತಿದ್ದೆ. ತಿರುಪು ಕೂತ ಮೇಲೆ ಇನ್ನೂ ಕಾದು ಹಲ್ಲು ಹಾಕ್ತಿದ್ದೆ. ಈಗ ತೆಗೀಲೇಬೇಕು."

"ಮಗಳ ಮದುವೆ ಇದೆ ಡಾಕ್ಟ್ರೇ."

"ಸದ್ಯಕ್ಕೆ ಬೇಕಾದಾಗ ಹಾಕಿ ತೆಗೆಯೋ ಹಲ್ಲು ಮಾಡಿಕೊಡ್ತೀನಿ. ಜೋರಾಗಿ ಮಾತ್ರ ನಗಬೇಡಿ, ಜಾರುತ್ತೆ."

ಹಲ್ಲು ತೆಗೆಸಿಕೊಂಡು, ಬಾಯಲ್ಲಿ ಹತ್ತಿ ಕಚ್ಚಿ ಹೊರಬಂದ ಸುನ್ಯೆ, ಇನ್ನು ಮುಚ್ಚಿಟ್ಟು ಆಗಬೇಕಾದ್ದೇನೆಂದು ಎಲ್ಲರ ಮುಂದೆ ನಿಂತಳು.

"ನಿಮಗೆಲ್ಲ ಸುಳ್ಳು ಹೇಳಿದ್ದೆ. ಅವತ್ತು ಗ್ವಾಂಗ್ಜುಗೆ ಹೋಗಿದ್ದು ಅಣ್ಣನ ಆರೈಕೆಗಲ್ಲ..."

ಹೆಂಗಸರು ನೆಲ ನೋಡಿದರು.

"ಗೊತ್ತು ಕಣೇ" ಎಂದಳು ಮಾಲ್ಜಾ.

"ಏನು ಗೊತ್ತು?"

"ಎಲ್ಲಾ. ನಿನ್ನ ಕುಯ್ದ ದಿನ ನಿನ್ನ ಗಂಡ ಬಂದರಿನ ಹೆಂಡದಂಗಡೀಲಿ ಕೂತು ಗೋಳೋ ಅಂತ ಅತ್ತ. ಯಾರೂ ಬಾಯಿ ಬಿಡ್ಬೇಡಿ, ಮಾನ ಹೋಯ್ತು ಅಂತ ಕೊರಗಿ ಸಾಯ್ತಾಳೆ ಅಂತ ನಮಗೆಲ್ಲ ಕೈ ಮುಗಿದ. ಇವತ್ತಿನ ತನಕ ಒಬ್ಬರಾದ್ರೂ ಬಾಯಿ ಬಿಟ್ಟಿದ್ದೀವಾ ಹೇಳು."

ಅವಳ ದನಿಯಲ್ಲಿ ಹೆಮ್ಮೆಯಿತ್ತು. ಮೇಜಿನ ಹಿಂದಿನಿಂದ ಮಿರಾನ್ ತಾನೂ ಕಡಿಮೆಯಿಲ್ಲ ಎನ್ನುವಂತೆ ಕತ್ತು ಚಾಚಿದಳು.

"ನಾನೂ ಬಿಟ್ಟಿಲ್ಲ ಚಿಕ್ಕಮ್ಮ. ಹಲ್ಲು ಕೂರಿಸೋಕೆ ಮುಂಚೆ ಡಾಕ್ಟ್ರಿಗೆ ಅನುಮಾನ ಬಂದು, ನಿಮ್ಮ ಓಣಿಯವರಲ್ವಾ, ಆಪರೇಷನ್ ಏನಾದ್ರೂ ಆಗಿತ್ತಾ ಅಂತ ನನ್ನೇ ಕೇಳಿದ್ರು. ಅಂಥದ್ದೇನೂ ಇಲ್ಲ ಅಂತ ಖಡಾಖಂಡಿತವಾಗಿ ಹೇಳ್ದೆ."

ಸುನ್ಯೆ ಒಬ್ಬೊಬ್ಬರ ಮುಖವನ್ನೂ ನೋಡಿದಳು. ಯಾರ ಮೇಲೆ ಸಿಟ್ಟಾಗುವುದು? ಎಲ್ಲರೂ ಅವಳ ಮೇಲಿನ ಪ್ರೀತಿಯಿಂದಲೇ ಸುಮ್ಮನಿದ್ದವರು. ಅದೇ ಹೆಚ್ಚು ನೋಯಿತು. ಹತ್ತಿಯನ್ನು ಒಂದು ದವಡೆಗೆ ಸರಿಸಿ ಅವಳು ಮೆಲ್ಲಗೆ ಹೇಳಿದಳು:

"ಅಕ್ಕ, ಹುಟ್ಟಿದಾಗಿನಿಂದ ನಿನ್ನ ಬಾಯಲ್ಲಿ ಒಂದು ಮಾತು ನಿಂತಿದ್ದು ನಾ ಕಾಣೆ. ನಿಲ್ಲೋಕೆ ಇದೇ ಮಾತು ಸಿಕ್ತಾ?"