ಕಾರ್ಯದರ್ಶಿಗಳ ಕುಲವೆ

ಮುನಿವೆಂಕಟಪ್ಪನಿಗೆ ದಿನಕ್ಕೆ ಮೂರು ಹೊತ್ತು ಕೋಪ ಬರುತ್ತಿತ್ತು. ಬೆಳಿಗ್ಗೆ ಮುಖ ತೊಳೆಯುವಾಗ ಒಮ್ಮೆ, ಕುರಿ ಬಿಟ್ಟುಕೊಂಡು ಹೊರಡುವಾಗ ಒಮ್ಮೆ, ಸಂಜೆ ರಾಗಿ ಕಳಿ (ನಮ್ಮ ಮುದ್ದೆಯೇ) ಉಣ್ಣುವಾಗ ಒಮ್ಮೆ. ಇವುಗಳಿಗೆ ಕಾರಣವೇನೂ ಬೇಕಾಗಿರಲಿಲ್ಲ. ಮನೆಯಲ್ಲಿ ಗಡಿಯಾರ ಇಲ್ಲದ್ದರಿಂದ ಹೆಂಡತಿ ಕಾಳಿಯಮ್ಮ ಹೊತ್ತು ತಿಳಿಯುವುದಕ್ಕೆ ಈ ಕೋಪಗಳನ್ನೇ ಬಳಸಿಕೊಂಡಿದ್ದಳು. ("ನಿಮ್ಮಪ್ಪ ಇನ್ನೂ ಬೈದಿಲ್ಲ ಕಣ್ಲಾ, ಮೆಟ್ಟೂರು ಬಸ್ಸಿಗೆ ಇನ್ನೂ ಟೈಮೈತೆ.") ಆದರೆ ಎಪ್ಪತ್ತನಾಲ್ಕನೆಯ ಇಸವಿಯ ಪೊಂಗಲ್‌ಗೆ ಆರು ದಿನ ಇರುವಾಗ ಬಂದ ಕೋಪ ಈ ಜಾತಿಯದಲ್ಲ. ಅದಕ್ಕೆ ಕಾರಣವಿತ್ತು, ಮತ್ತು ಆ ಕಾರಣಕ್ಕೆ ಹದಿನೇಳು ವರ್ಷ ವಯಸ್ಸಾಗಿತ್ತು.

ಆ ಸಂಜೆ ಅವನು ನಿಜಕ್ಕೂ ಸಂತೋಷವಾಗಿಯೇ ಮನೆಗೆ ಬರುತ್ತಿದ್ದ. ಮೆಟ್ಟೂರಿನಲ್ಲಿ ಪೊಂಗಲ್ ದಿನ ನಡೆಯುವ ಕಬಡ್ಡಿ (ಅಲ್ಲಿಯವರ ಬಾಯಲ್ಲಿ ಸಡುಗುಡು) ಪಂದ್ಯಕ್ಕೆ ಮೊದಲ ಬಹುಮಾನ ಒಂದು ಟಗರು. ಆ ಟಗರನ್ನು ಪಂದ್ಯದವರು ಈ ಸಲ ಅವನ ಮಂದೆಯಿಂದಲೇ ಕೊಂಡುಹೋಗಿದ್ದರು. ಕರಿಯ ಎಂಬ ಆ ಟಗರು ಅವನ ಅಂಗೈಯಲ್ಲೇ ಹುರುಳಿ ತಿಂದು ಬೆಳೆದದ್ದು. ಅವನು ನಾಲಗೆ ಹೊರಳಿಸಿ ಒಂದು ಕೂಗು ಹಾಕಿದರೆ ಬೇಲಿ ಹಾರಿ ಬರುತ್ತಿತ್ತು. ಮೇಲಾಗಿ ಅವನು ತನ್ನೂರು ಬಸವನಕೊಟ್ಟಾಯಿಯ ಕಬಡ್ಡಿ ಸಂಘದ ಕಾರ್ಯದರ್ಶಿ. (ಅಧ್ಯಕ್ಷರು ಇರಲಿಲ್ಲ. ತನ್ನ ಮೇಲೊಬ್ಬ ಇರುವ ಅಗತ್ಯ ಅವನಿಗೆ ಕಂಡುಬಂದಿರಲಿಲ್ಲ.) ತಾನೇ ಮಾರಿದ ಟಗರನ್ನು ತಾನೇ ಗೆದ್ದು ವಾಪಸು ಹೊಡೆದುಕೊಂಡು ಬರುವ ಯೋಚನೆಯಲ್ಲಿ ಮೀಸೆ ತಿರುವುತ್ತಾ ಮನೆಯ ಹಿಂದಿನ ಕಣದ ಹತ್ತಿರ ಬಂದಾಗ ಕುಲವೆ ಕೇಳಿಸಿತು.

ಮದುವೆಯಲ್ಲಿ ತಾಳಿ ಕಟ್ಟುವಾಗ, ಮಾರಿಯಮ್ಮನ ಮುಂದೆ ಪೊಂಗಲ್ ಉಕ್ಕುವಾಗ ಹೆಂಗಸರು ಬಾಯೊಳಗೆ ನಾಲಗೆ ಆಡಿಸಿ ಎಬ್ಬಿಸುವ ಆ ಸದ್ದನ್ನು ಕೇಳಿದವರಿಗೆ ವಿವರಿಸಬೇಕಾಗಿಲ್ಲ. ಕೇಳದವರಿಗೆ ವಿವರಿಸಿ ಪ್ರಯೋಜನವಿಲ್ಲ. ಎಂಟು ಕುಲವೆಗಳು ಹದವಾಗಿದ್ದವು. ಒಂಬತ್ತನೆಯದು ಬರೀ ಗಾಳಿ. ಅದು ಹಲ್ಲಿಲ್ಲದ ಸಪ್ಪಲಮ್ಮಜ್ಜಿಯದೆಂದು ಊರಿಗೆಲ್ಲ ಗೊತ್ತು. ಆದರೆ ಆ ಹತ್ತನೆಯದು! ಅದು ಎದ್ದು, ಸುಳಿ ಸುತ್ತಿ, ಹುಣಸೆಮರದ ಕಾಗೆಗಳನ್ನೆಲ್ಲ ಎಬ್ಬಿಸಿ ಓಡಿಸಿದರೂ ಇಳಿಯಲೊಲ್ಲದು. ಮುನಿವೆಂಕಟಪ್ಪ ಮೈಮರೆತು ನಿಂತ. 'ಯಾರ ಮಗಳಪ್ಪಾ ಇವಳು! ಏನು ಎದೆ, ಏನು ಉಸಿರು! ನಮ್ಮ ಮಾದೇಶನಿಗೆ ತಂದುಕೊಂಡರೆ ಇಂಥವಳನ್ನೇ ತಂದುಕೊಳ್ಳಬೇಕು. ಆ ಸೋಮಾರಿಗಿಲ್ಲದ ಗಂಡೆದೆ ಮೊಮ್ಮಕ್ಕಳಿಗಾದರೂ ಬಂದೀತು.' ಭಾವೀ ಸೊಸೆಯನ್ನು ಕಣ್ತುಂಬ ನೋಡಿಯೇ ಬಿಡೋಣವೆಂದು ಹುಲ್ಲಿನ ಬಣವೆ ಸುತ್ತಿಕೊಂಡು ಬಂದು ಇಣುಕಿದ.

ಸೊಸೆಗೆ ಚಿಗುರು ಮೀಸೆ ಇತ್ತು. ಅದು ಮಾದೇಶ.

"ಲೇಯ್!"

ಕುಲವೆ ನಿಂತಿತು. (ಸಪ್ಪಲಮ್ಮನದು ಮಾತ್ರ ಇನ್ನೂ ಸ್ವಲ್ಪ ಹೊತ್ತು ಮುಂದುವರಿಯಿತು, ಆಕೆಗೆ ಕಿವಿಯೂ ಅಷ್ಟಕ್ಕಷ್ಟೆ.)

"ಏನ್ಲಾ ಇದು? ಎಂಗಸ್ರ ಮಧ್ಯ ನಿಂತ್ಕಂಡು ನಾಲ್ಗೆ ಆಡಿಸ್ತೀಯಾ? ನೀನು ಆಂಬಳೆನಾ, ಪೊಂಬಳೆನಾ?"

ಕೋಪ ಹೆಚ್ಚಾದಾಗ ಗಂಡು ಹೆಣ್ಣಿನ ಭೇದವೆಲ್ಲ ಅವನಿಗೆ ತಮಿಳಿನಲ್ಲೇ ಹೊಳೆಯುತ್ತಿತ್ತು.

ಮಾದೇಶ ಬಾಯಿ ಒರೆಸಿಕೊಂಡ. "ಅಪ್ಪಾ, ಮೂರ್ ವರ್ಸದಿಂದ ನಿನ್ನ ಸಡುಗುಡು ಟೀಮಲ್ಲಿ ನಾನು ಎಕ್ಸ್‌ಟ್ರಾ. ನೀರ್ ಕೊಡೋದು, ಟವಲ್ ಮಡಿಸೋದು. ಒಂದ್ ದಿನಾನಾದ್ರೂ ಗೆರೆ ಒಳಗೆ ಬಿಟ್ಟಿದ್ಯಾ? ಇಲ್ಲಿ ನಾನೇ ಫಸ್ಟು. ಅಮ್ಮನ್ನ ಕೇಳು."

"ಫಸ್ಟಾ! ಮುನಿವೆಂಕಟಪ್ಪನ ಮಗ ಕುಲವೆಲಿ ಫಸ್ಟ್ ಬಂದ ಅಂತ ಊರೆಲ್ಲಾ ಸಾರ್ಲಾ? ಮೀಸೆ ಬೋಳಿಸ್ಕಂಡು ಓಗಿ ಕಾವೇರಿಗೆ ಬೀಳ್ಬೇಕು ನಾನು!"

"ಬೀಳೋದಾದ್ರೆ ಪೊಂಗಲ್ ಆದ್ಮೇಲೆ ಬೀಳು," ಎಂದಳು ಕಾಳಿಯಮ್ಮ. "ಈಗ ನಮ್ಗೆ ಟೈಮಿಲ್ಲ."

ಈ ಹತ್ತು ಜನರ ಹಿನ್ನೆಲೆ ಹೀಗಿದೆ. ಹಿಂದಿನ ವರ್ಷದ ಪಂದ್ಯದಲ್ಲಿ ಊರೂರಿನ ಜನ ತಮ್ಮವರಿಗೆ ಜೈ ಎನ್ನುತ್ತಾ ಎದುರಿನವರಿಗೆ ಕಲ್ಲು ಬೀರಿದ್ದರು. ಒಂದು ಕಲ್ಲು, ಪಂದ್ಯದ ಖರ್ಚೆಲ್ಲ ಹೊತ್ತಿದ್ದ ಶಂಕಗಿರಿಯ ಲಾರಿ ಓನರ್ ಚಿನ್ನಸ್ವಾಮಿಯವರ ಮೊಣಕಾಲಿಗೇ ತಗುಲಿತ್ತು. ಮೂರು ವಾರ ಮಲಗಿ ಯೋಚಿಸಿದ ಅವರಿಗೆ, ಕೂಗುವುದನ್ನೂ ಒಂದು ಪಂದ್ಯ ಮಾಡಿಬಿಟ್ಟರೆ ಜನ ಕಲ್ಲು ಎತ್ತಲಾರರು ಎಂಬ ಜ್ಞಾನೋದಯವಾಯಿತು. ಒಂದೊಂದು ಊರಿಂದ ಕೂಗುವುದಕ್ಕೆ ಹತ್ತು ಪೇರು, ಅಂದರೆ ಹತ್ತು ಜನ, ಬರಬೇಕು. ಚಪ್ಪಾಳೆ, ಘೋಷಣೆ, ಕುಲವೆ ಏನು ಬೇಕಾದರೂ ಹಾಕಬಹುದು. ಎದುರು ಊರಿನವರ ತಾಯಿ ತಂಗಿಯರ ಹೆಸರೆತ್ತುವಂತಿಲ್ಲ. ಹತ್ತು ಪೇರಿಲ್ಲದ ಊರಿಗೆ ಕಬಡ್ಡಿಯೂ ಇಲ್ಲ. ಗೆದ್ದವರಿಗೆ ಎವರ್‌ಸಿಲ್ವರ್ ಎಂಬ ಸ್ಟೀಲಿನ ಬಿಂದಿಗೆ, ಹತ್ತು ಪೇರಿಗೂ ಒಂದೊಂದು ಕಾಣಿಕೆ. ಬಸವನಕೊಟ್ಟಾಯಿಯಲ್ಲಿ ಎವರ್‌ಸಿಲ್ವರ್ ಅಲ್ಲಿಯವರೆಗೆ ಮಾತಿನಲ್ಲಿ ಮಾತ್ರ ಇತ್ತು.

"ಇಪ್ಪತ್ತು ವರ್ಸ ಬೇವಿನ ಮರದ ಹಿಂದೆ ನಿಂತ್ಕಂಡು ನಿಮ್ಗೆ ಕೈ ತಟ್ಟಿವ್ನಿ," ಎಂದಳು ಕಾಳಿಯಮ್ಮ, ಸೊಂಟಕ್ಕೆ ಸೆರಗು ಸಿಕ್ಕಿಸಿ. "ಒಂದ್ ಲೋಟ ನೀರು ಕೊಟ್ಟೋರಿಲ್ಲ. ಇದೇ ಮೊದ್ಲು ಕೈ ತಟ್ಟೋರ್ಗೂ ಒಂದು ಬಿಂದಿಗೆ ಮಡಗವ್ರೆ. ಗುಂಡಮ್ಮ ಹೆರಿಗೆಗೆ ತವರಿಗೋದ್ಲು. ಮಿಕ್ಕೋರ್ ಕಂಕುಳಲ್ಲಿ ಕೂಸು. ಹತ್ತನೇ ಪೇರು ಎಲ್ಲಿಂದ ತರ್ಲಿ? ನಿನ್ ಕುರಿ ತಂದು ನಿಲ್ಲಿಸ್ಲಾ?"

"ನಿಲ್ಸು! ಕುರಿ ನಿಲ್ಸು, ನನ್ ಮಗನ್ ನಿಲ್ಲಿಸ್ಬೇಡ!"

"ಕುರಿಯಾದ್ರೆ ಹೇಳಿದ್ ಮಾತಾದ್ರೂ ಕೇಳ್ತಿತ್ತು. ನಿಂಗೆ ಅದೂ ಇಲ್ಲ."

ಅಂದು ಸಂಜೆ ಕಳಿ ಬೇಯಲಿಲ್ಲ. ಮುನಿವೆಂಕಟಪ್ಪ ತಟ್ಟೆ ಮುಂದೆ ಕೂತು ಮಾಮೂಲಿ ಕೋಪ ಮಾಡಿಕೊಂಡು ಮುಗಿಸಿದರೂ ತಟ್ಟೆಗೆ ಏನೂ ಬೀಳಲಿಲ್ಲ.

"ಗಂಡಸ್ತನ ಗಂಡಸ್ತನ ಅಂತೀಯಲ್ಲ, ಅದ್ನೇ ಬೇಯಿಸ್ಕಂಡ್ ತಿನ್ನು," ಎಂದು ಒಳಗಿಂದ ಧ್ವನಿ ಬಂತು. "ಉಪ್ಪು ಗೂಡಲ್ಲೈತೆ."

ಹಸಿದ ಹೊಟ್ಟೆಯಲ್ಲಿ ಹುಟ್ಟಿದ ಬರವಣಿಗೆಗೆ ಬೇರೆಯೇ ಕಾವಿರುತ್ತದೆ. ಮಾರನೆಯ ದಿನ ಮೆಟ್ಟೂರು ಬಸ್ ಸ್ಟ್ಯಾಂಡಿನಲ್ಲಿ ಅರ್ಜಿ ಬರೆಯುವವನ ಮುಂದೆ ಕೂತು ಅವನು ಬರೆಸಿದ ಮನವಿಯಲ್ಲಿ ಮೂರು ಅಂಶಗಳಿದ್ದವು. ಒಂದನೆಯದು, ಗಂಡು ಕುಲವೆ ಹಾಕುವುದು ಗಂಡುಕುಲಕ್ಕೇ ಅವಮಾನ. ಎರಡನೆಯದು, ಗಂಡಿನ ಎದೆ ಹೆಣ್ಣಿನ ಎದೆಗಿಂತ ದೊಡ್ಡದಾದ್ದರಿಂದ ಹೆಂಗಸರ ಜೊತೆ ಗಂಡನ್ನು ಕೂಗಲು ಬಿಡುವುದು ಹೆಂಗಸರಿಗೆ ಮಹಾ ಅನ್ಯಾಯ. (ಅವಮಾನವೂ ಅನುಕೂಲವೂ ಒಂದೇ ಹುಡುಗನಿಂದ ಹೇಗಾದೀತೆಂದು ಬರೆಯುವವ ಕೇಳಿದ. 'ನೀನು ಬರೀಯಯ್ಯಾ' ಎಂದ ಮುನಿವೆಂಕಟಪ್ಪ.) ಮೂರನೆಯದು, ಇಂದು ಇದನ್ನು ಬಿಟ್ಟರೆ ನಾಳೆ ಹೆಂಗಸರು ಕಬಡ್ಡಿ ಆಡುತ್ತೇವೆ ಎಂದಾರು. ಕೆಳಗೆ ದೊಡ್ಡ ಅಕ್ಷರದಲ್ಲಿ: ಕಾರ್ಯದರ್ಶಿ.

ಪಂದ್ಯದ ತೀರ್ಪುಗಾರರು ಮುತ್ತುಸ್ವಾಮಿ, ರಿಟೈರಾದ ಡ್ರಿಲ್ ಮಾಸ್ಟರು. ಕೆಲಸ ಹೋಗಿದ್ದರೂ ಕೊರಳಿನ ಸೀಟಿ ಹೋಗಿರಲಿಲ್ಲ. ತಮಿಳು ಕನ್ನಡ ಎರಡನ್ನೂ ಒಂದೇ ಉಸಿರಿನಲ್ಲಿ ಆಡುತ್ತಿದ್ದರು. ಅರ್ಜಿಯನ್ನು ಎರಡು ಸಲ ಓದಿದರು.

"ನ್ಯಾಯಂದಾನ್," ಎಂದರು. ಮುನಿವೆಂಕಟಪ್ಪನ ಮೀಸೆ ಎದ್ದು ನಿಂತಿತು. "ಒಂಬತ್ತು ಎಂಗಸ್ರ ಮಧ್ಯ ಒಂದು ಪೈಯ ಒಂಟಿಯಾಗಿ ನಿಲ್ಲೋದು ಸರಿ ಇಲ್ಲೆ."

"ಅದ್ನೇ ಸಾರ್ ನಾನೂ ಹೇಳೋದು!"

"ಅವನ ಜೊತೆ ಇನ್ನೊಂದು ಗಂಡಸು ನಿಲ್ಲಬೇಕು. ಜವಾಬ್ದಾರಿ ಇರೋ ಆಳು." ಸಹಿಯ ಮೇಲೆ ಬೆರಳಿಟ್ಟರು. "ಕಾರ್ಯದರ್ಶಿ. ರೊಂಬ ಸರಿ. ನೀವೇ ನಿಲ್ಲಿ."

"ಸಾರ್, ನಾನು ಅವನ್ನ ತೆಗೀರಿ ಅಂತ..."

"ತೆಗೆದ್ರೆ ಒಂಬತ್ತು ಪೇರು. ಒಂಬತ್ತಾದ್ರೆ ನಿಮ್ ಊರಿಗೆ ಸಡುಗುಡು ಇಲ್ಲೆ. ರೂಲ್ ಅಂದ್ರೆ ರೂಲ್." ಮುತ್ತುಸ್ವಾಮಿ ಸೀಟಿ ಊದಿದರು. ಅವರ ಮಟ್ಟಿಗೆ ಸೀಟಿ ಊದಿದ ಮೇಲೆ ಜಗತ್ತಿನಲ್ಲಿ ಯಾವ ಚರ್ಚೆಯೂ ಉಳಿಯುತ್ತಿರಲಿಲ್ಲ.

ವಾಪಸು ಬರುವಾಗ ಅವನು ಕಂಡಕ್ಟರನ ಮೇಲೆ, ಸೀಟಿನ ಮೇಲೆ, ಮೆಟ್ಟೂರು ಡ್ಯಾಮಿನ ಮೇಲೆ ಕೋಪ ಮಾಡಿಕೊಂಡ. ಸುದ್ದಿ ತಿಳಿದ ಸಪ್ಪಲಮ್ಮಜ್ಜಿ ಮಾತ್ರ ಬಹಳ ಸಂತೋಷದಿಂದ ತನ್ನ ಸ್ಥಾನ ತೆರವು ಮಾಡಿದಳು. "ನನ್ ಜಾಗಕ್ಕೆ ನೀನೇ ಸರಿ ಕಣಪ್ಪ. ನಿಂಗಿನ್ನೂ ಹಲ್ಲವೆ." ಇಪ್ಪತ್ತು ವರ್ಷ ಸಂಘ ಕಟ್ಟಿದ ಕಾರ್ಯದರ್ಶಿಗಳು ಹೀಗೆ ಎಪ್ಪತ್ತು ದಾಟಿದ ಮುದುಕಿಯೊಬ್ಬಳ ಖಾಲಿ ಜಾಗಕ್ಕೆ ಅವಿರೋಧವಾಗಿ ಆಯ್ಕೆಯಾದರು.

ಪೊಂಗಲ್ ದಿನ ಬಂತು. ಮೈದಾನದ ತುಂಬ ಜನ, ಗಿರಣಿಯವರು, ಡ್ಯಾಮಿನವರು. ಒಂದು ಕಂಬಕ್ಕೆ ಕೊರಳಲ್ಲಿ ಸೇವಂತಿಗೆ ಹಾರ ಹಾಕಿಕೊಂಡ ಕರಿಯನನ್ನು ಕಟ್ಟಿದ್ದರು. ಬಸವನಕೊಟ್ಟಾಯಿಯ ಕೂಗುವವರ ಸಾಲಿನಲ್ಲಿ ಎಂಟು ಹೆಂಗಸರು, ಮಾದೇಶ, ಕೊನೆಯಲ್ಲಿ ಮುನಿವೆಂಕಟಪ್ಪ. ಯಾರೂ ಗುರುತು ಹಿಡಿಯದಿರಲೆಂದು ತಲೆಯ ಮೇಲೆ ಟವಲ್ ಹೊದ್ದು ಮುಖ ಮುಚ್ಚಿಕೊಂಡಿದ್ದ. ಇದರಿಂದ ಅವನು ಥೇಟ್ ಮದುಮಗಳ ಹಾಗೆ ಕಂಡು ಗುಂಪಿನಿಂದ ಎರಡು ಸಲ ಸೀಟಿ ಬಂತು.

"ಬಾಯಿ ಬಿಡು," ಎಂದು ಕಾಳಿಯಮ್ಮ ಮೊಣಕೈಯಿಂದ ತಿವಿದಳು.

"ನಿಲ್ಲು ಅಂದ್ರು, ನಿಂತಿವ್ನಿ. ಬಾಯಿ ಬಿಡು ಅಂತ ರೂಲಿಲ್ಲ."

ಕೊನೆಯ ಪಂದ್ಯದಲ್ಲಿ ಎದುರಾಳಿ ಎಡಪ್ಪಾಡಿ. ಮಗ್ಗ ಎಳೆದೆಳೆದು ಕೈ ಕಬ್ಬಿಣವಾದ ನೇಯ್ಗೆಯವರು. ಆಟ ಸಮಸಮವಾಗಿ ಸಾಗಿ ಕೊನೆಯ ದಾಳಿಗೆ ಬಂತು. ಬಸವನಕೊಟ್ಟಾಯಿಯ ತಿಮ್ಮಪ್ಪ ಒಬ್ಬನನ್ನು ಮುಟ್ಟಿ ತಿರುಗಿದ. ನಾಲ್ವರು ಮೇಲೆ ಬಿದ್ದರು. ಉಸಿರು ಬಿಡದೆ "ಸಡುಗುಡು, ಸಡುಗುಡು" ಎನ್ನುತ್ತಾ ಗೆರೆಯ ಕಡೆಗೆ ಕೈ ಚಾಚಿದ. ಗೆರೆ ಇನ್ನು ಒಂದು ಗೇಣು. ಮಾದೇಶನ ಕುಲವೆ ಆಕಾಶಕ್ಕೆದ್ದಿತು. ಇಡೀ ಮೈದಾನ ಅವನ ಕಡೆ ತಿರುಗಿತು, ಯಾರೂ ನಗಲಿಲ್ಲ. ತಿಮ್ಮಪ್ಪನ ಕೈ ಒಂದು ಬೆರಳು ಮುಂದಕ್ಕೆ ಸರಿಯಿತು, ಇನ್ನೊಂದು ಬೆರಳು ಸರಿಯಿತು. ಮುನಿವೆಂಕಟಪ್ಪನಿಗೆ ತಡೆಯಲಾಗಲಿಲ್ಲ. ಆರು ದಿನದ ಕೋಪ, ಬೇಯದ ಕಳಿ, ಮುತ್ತುಸ್ವಾಮಿಯ ಸೀಟಿ, ಎಲ್ಲ ಒಟ್ಟಿಗೆ ಗಂಟಲಿಗೆ ಬಂದವು. ಟವಲ್ ಕಿತ್ತೆಸೆದು, ಎದೆಯುಬ್ಬಿಸಿ, ತನಗೆ ಗೊತ್ತಿದ್ದ ಒಂದೇ ರೀತಿಯಲ್ಲಿ ನಾಲಗೆ ಹೊರಳಿಸಿದ.

ಅದು ಕುರಿ ಕರೆಯುವ ಕೂಗು.

ಆರು ದಿನದಿಂದ ಒಡೆಯನ ಮುಖ ಕಾಣದ ಕರಿಯ ತಲೆ ಎತ್ತಿತು. ಹಗ್ಗ ಒಂದೇ ಎಳೆತಕ್ಕೆ ಕಿತ್ತುಹೋಯಿತು. ಕೂಗಿದವನಿಗೂ ಕರಿಯನಿಗೂ ನಡುವೆ ಇದ್ದದ್ದು ಕಬಡ್ಡಿ ಅಂಕಣ. ಅಂಕಣದ ನಡುವೆ ಇದ್ದದ್ದು ಐದು ಜನರ ರಾಶಿ. ಕರಿಯ ಸುತ್ತಿ ಬರುವ ಜಾತಿಯದಲ್ಲ. ಎಡಪ್ಪಾಡಿಯ ನಾಲ್ವರು ನಾಲ್ಕು ದಿಕ್ಕಿಗೆ ಹಾರಿದರು. ತಿಮ್ಮಪ್ಪನ ಸಡುಗುಡು "ಅಯ್ಯಯ್ಯಪ್ಪೋ" ಎಂದು ಮುಗಿಯಿತು. ಟಗರು ಬಂದು ಕಾರ್ಯದರ್ಶಿಗಳ ಅಂಗೈ ನೆಕ್ಕುತ್ತಾ ನಿಂತಿತು.

ಮುತ್ತುಸ್ವಾಮಿ ಸೀಟಿಯನ್ನು ಒಂದು ನಿಮಿಷ ಊದಿದರು. ಆಮೇಲೆ ತೀರ್ಪು ಕೊಟ್ಟರು. ಬಸವನಕೊಟ್ಟಾಯಿ ಸಂಘದ ಕಾರ್ಯದರ್ಶಿ ಸ್ವತಃ ಎಂಟನೆಯ ಆಟಗಾರನನ್ನು, ಅದೂ ನಾಲ್ಕು ಕಾಲಿನವನನ್ನು, ಅಂಕಣಕ್ಕೆ ಇಳಿಸಿದ್ದರಿಂದ ಆ ಊರು ಔಟ್, ಟಗರು ಎಡಪ್ಪಾಡಿಗೆ. ಮುನಿವೆಂಕಟಪ್ಪ ಬಾಯಿ ತೆರೆಯುವಷ್ಟರಲ್ಲಿ ಇನ್ನೊಂದು ಸೀಟಿ. "ಆನಾಲ್, ಆದ್ರೆ, ಕೂಗೋದು ಯಾಕೆ? ಕೇಳೋರಿಗೆ ಹುರುಪು ಬರಕ್ಕೆ. ಕಂಬಕ್ಕೆ ಕಟ್ಟಿದ ಟಗರಿಗೇ ಹುರುಪು ಬಂದಿದೆ. ಬಿಂದಿಗೆ ಬಸವನಕೊಟ್ಟಾಯಿಗೆ. ಬೆಸ್ಟ್ ಕುಲವೆ, ಮಾದೇಶ!"

ಚಿನ್ನಸ್ವಾಮಿಯವರ ಹೆಂಡತಿ ಈಶ್ವರಿ ಹತ್ತು ಕಾಣಿಕೆ ತಂದಿದ್ದರು. ಕೂಗುವವರೆಲ್ಲ ಹೆಂಗಸರೇ ಎಂದುಕೊಂಡು ಹತ್ತೂ ರವಿಕೆ ಬಟ್ಟೆ. ಮಾದೇಶ ನಗುತ್ತಾ ತನ್ನದನ್ನು ಕೊರಳಿಗೆ ಸುತ್ತಿಕೊಂಡ. ಮೈದಾನ ಚಪ್ಪಾಳೆ ತಟ್ಟಿತು, ಇಪ್ಪತ್ತು ವರ್ಷ ತಿಮ್ಮಪ್ಪನಂಥವರಿಗೆ ತಟ್ಟಿದ ಹಾಗೆಯೇ. ಕಾರ್ಯದರ್ಶಿಗಳ ಪಾಲಿಗೆ ಬಂದದ್ದು ಗಿಳಿಹಸಿರು, ಅಂಚಿಗೆ ಹೂವು. ಅದನ್ನು ಕಂಕುಳಲ್ಲಿ ಬಚ್ಚಿಟ್ಟುಕೊಂಡರೂ ಶಿಕ್ಷೆ ಮುಗಿಯಲಿಲ್ಲ: ಕರಿಯ ಎಡಪ್ಪಾಡಿಯವರ ಹಿಂದೆ ಒಂದು ಹೆಜ್ಜೆಯನ್ನೂ ಇಡದ ಕಾರಣ, ಅವರ ಲಾರಿಯವರೆಗೆ ಮುನಿವೆಂಕಟಪ್ಪನೇ ನಾಲಗೆ ಹೊರಳಿಸುತ್ತಾ ಮುಂದೆ ನಡೆಯಬೇಕಾಯಿತು. ದಾರಿಯ ಎರಡೂ ಕಡೆ ಜನ ನಿಂತು ನೋಡಿದರು.

ಸಂಜೆಯ ಬಸ್ಸಿನಲ್ಲಿ ಕಾಳಿಯಮ್ಮ ಬಿಂದಿಗೆಯನ್ನು ಮಗುವಿನ ಹಾಗೆ ತೊಡೆಯ ಮೇಲೆ ಕೂರಿಸಿಕೊಂಡಿದ್ದಳು. ಮುನಿವೆಂಕಟಪ್ಪ ಕಿಟಕಿಯ ಕಡೆ ಮುಖ ಮಾಡಿ ಹೊಗೆಯಾಡುತ್ತಿದ್ದ. ಹಿಂದಿನ ಸೀಟಿನಿಂದ ಸಪ್ಪಲಮ್ಮ ಬಗ್ಗಿದಳು.

"ಏ ಅಪ್ಪಾ, ಆ ರವಿಕೆ ಬಟ್ಟೆ ಕೊಡಿಲ್ಲಿ. ನನ್ ಜಾಗದಲ್ಲಿ ತಾನೆ ನೀನು ನಿಂತಿದ್ದು? ಅದು ನಂದು."

ಇಡೀ ದಿನದ ಕೋಪಗಳಲ್ಲಿ ಇದು ಕೊನೆಯದು, ಮತ್ತು ಎಲ್ಲಕ್ಕಿಂತ ದೊಡ್ಡದು. ಮುನಿವೆಂಕಟಪ್ಪ ಬಸ್ಸಿನ ಸೂರು ತಲೆಗೆ ತಗಲುವಂತೆ ಎದ್ದು ನಿಂತ. "ನಿಂದಾ? ಯಾಕಜ್ಜೀ ನಿಂದು? ಟಗರು ಬಂದಿದ್ದು ಯಾರ ಕುಲವೆಗೆ? ಈ ಹುಡುಗನ್ ಕುಲವೆಗಾ? ಆ ಮಾಸ್ಟರಿಗೆ ಕಿವಿ ಇಲ್ಲ. ಫಸ್ಟು ನಂಗೆ ಬರ್ಬೇಕಿತ್ತು! ಕುಲವೆ ಹಾಕಿ ಗೆದ್ದಿವ್ನಿ ನಾನು, ಕೇಳ್ರೋ ಎಲ್ಲಾರೂ, ಕುಲವೆ ಹಾಕಿ ಗೆದ್ದಿರೋ ರವಿಕೆ ಇದು! ಯಾಕ್ ಕೊಡ್ಲಿ?"

ಗಿಳಿಹಸಿರು ಬಟ್ಟೆ ಅವನ ಕೈಯಲ್ಲಿ ಬಾವುಟದಂತೆ ಹಾರಾಡಿತು. ಕಂಡಕ್ಟರ್ ಟಿಕೆಟ್ ಹರಿಯುವುದನ್ನು ನಿಲ್ಲಿಸಿದ.

ಕಾಳಿಯಮ್ಮ ಬಿಂದಿಗೆಯನ್ನು ಸೆರಗಿನಿಂದ ಒರೆಸಿ ಮಗನ ಕೈಗೆ ಕೊಟ್ಟಳು.

"ಕೇಳ್ದೇನ್ಲಾ ಮಾದೇಸ? ಮುಂದಿನ್ ವರ್ಸಕ್ಕೂ ಹತ್ತು ಪೇರು ಸರಿಯಾಯ್ತು."