ಷಡ್ಡಕನ ಕೆಂಪು ಟ್ಯಾಗು

ಗಂಡಸಾದವನು ಪ್ರಾಣ ಹೋದರೂ ಬಾಯಿ ಬಿಡದಂಥ ಸಂಗತಿಯೊಂದಿದೆ. ಅದನ್ನು ಮದುವೆಯ ಊಟದ ಪಂಕ್ತಿಯಲ್ಲಿ ಕೂತು ಕೂಗಿ ಹೇಳಿದ ಮಹಾನುಭಾವ ನನಗೆ ತಿಳಿದಂತೆ ಒಬ್ಬನೇ. ಅವನು ನನ್ನ ಷಡ್ಡಕ, ಹೆಂಡತಿಯ ತಂಗಿಯ ಗಂಡ!

ವಿಜಯವಾಡದಲ್ಲಿ ನಮ್ಮ ಕಡೆಯವರ ಮದುವೆ. ಬಡಿಸುವವನು ಪಪ್ಪು, ಅಂದರೆ ನಮ್ಮ ತೊವ್ವೆ, ಹಿಡಿದು ಬಂದಿದ್ದ. ಎದುರು ಸಾಲಿನಿಂದ ಇವನ ದನಿ ಬಂತು.

"ಅಣ್ಣಗಾರೂ, ನಂದು ನೂರ ಎಂಬತ್ತಕ್ಕೆ ಇಳಿದುಬಿಟ್ಟಿದೆ!"

ಭದ್ರಾವತಿಯಲ್ಲಿ ಹುಟ್ಟಿದವನು. ಮೂವತ್ತು ವರ್ಷ ವಿಶಾಖಪಟ್ಟಣದಲ್ಲಿದ್ದು ಅಣ್ಣನಿಗೂ ತೆಲುಗರ ಒಂದು 'ಗಾರು' ಅಂಟಿಸಿಬಿಟ್ಟಿದ್ದಾನೆ.

"ಏನಯ್ಯಾ ಅದು, ಶುಗರ್ರಾ?" ಅಂದೆ.

"ಶುಗರ್ ಅಲ್ಲ ಕಣ್ರೀ, ಟೆಸ್ಟೋಸ್ಟೆರಾನ್! ಗಂಡಸರ ಹಾರ್ಮೋನು! ಮುನ್ನೂರಾದ್ರೂ ಇರಬೇಕಂತೆ!"

ಬಡಿಸುವವನ ಸೌಟು ಗಾಳಿಯಲ್ಲೇ ನಿಂತಿತು. ನನ್ನ ನಾದಿನಿ ಎಲೆಯಲ್ಲಿ ಏನೋ ಕಳೆದುಕೊಂಡವಳಂತೆ ತಲೆ ತಗ್ಗಿಸಿದಳು. ಪಕ್ಕದಲ್ಲಿದ್ದ ತೆಲುಗಿನ ಹಿರಿಯರು ಮರುಗಿ, "ಪಾಪಂ, ಆಯನಕಿ ಇಂಕೊಂಚೆಂ ನೆಯ್ಯಿ ವೇಯಂಡಿ" ಎಂದು ಇವನ ಎಲೆಗೆ ಇನ್ನಷ್ಟು ತುಪ್ಪ ಹಾಕಿಸಿದರು. ಹಾರ್ಮೋನು ಕಡಿಮೆಯಾದದ್ದಕ್ಕೆ ತುಪ್ಪ ಗಿಟ್ಟಿಸಿಕೊಂಡವರು ಇನ್ಯಾರಾದರೂ ಇದ್ದಾರೆಯೇ?

ಅವನ ಹುಚ್ಚಿಗೆ ಮೂಲ ಅವನ ಕೆಲಸ. ಉಕ್ಕಿನ ಕಾರ್ಖಾನೆಯಲ್ಲಿ ಕುಲುಮೆಯ ಕಂಟ್ರೋಲ್ ರೂಮಿನಲ್ಲಿ ಕೂತು, ಗಂಟೆಗೊಮ್ಮೆ ಶಾಖ ಎಷ್ಟು, ಒತ್ತಡ ಎಷ್ಟು ಎಂದು ಲಾಗ್‌ಬುಕ್ಕಿನಲ್ಲಿ ಬರೆದವನು. ನಿವೃತ್ತನಾದ ಮರುದಿನ ಕುಲುಮೆ ಇರಲಿಲ್ಲ, ಅಭ್ಯಾಸ ಇತ್ತು. ತನ್ನನ್ನೇ ಬರೆಯತೊಡಗಿದ! 'ಬೆಳಿಗ್ಗೆ ಹತ್ತು: ಪೇಪರ್ ಓದುತ್ತಾ ನಿದ್ದೆ. ಹನ್ನೊಂದು: ಕಾರಣವಿಲ್ಲದೆ ಸಿಟ್ಟು. ಹನ್ನೆರಡು: ಮೆಟ್ಟಿಲು ಹತ್ತಲು ಬೇಸರ.' ಇನ್ನೊಂದು ಕಾಲಮ್ಮಿನ ತಲೆಬರಹ 'ದಾಂಪತ್ಯಾಸಕ್ತಿ'. ಅದರಲ್ಲಿ ಏಳು ತಿಂಗಳಿಂದ ಬರೀ ಸೊನ್ನೆ. ಆ ಪುಸ್ತಕವನ್ನು ಟಿ.ವಿ. ಪಕ್ಕದಲ್ಲೇ ಇಡುತ್ತಿದ್ದ! ನಾದಿನಿ ಅದರ ಮೇಲೆ ಕ್ರೋಶಾ ಬಟ್ಟೆ ಮುಚ್ಚಿ ಮಾನ ಕಾಪಾಡಿಕೊಂಡಳು.

ಪುಸ್ತಕ ಕಂಕುಳಲ್ಲಿಟ್ಟುಕೊಂಡು ಹಾರ್ಮೋನಿನ ಡಾಕ್ಟರಮ್ಮನ ಬಳಿ ಹೋದ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಬೇಕು, ಒಂದು ಸಲ ಕಡಿಮೆ ಬಂದರೆ ಸಾಲದು, ಇನ್ನೊಂದು ದಿನ ಮತ್ತೆ ಕೊಡಬೇಕು ಎಂದರಂತೆ ಆಕೆ. ಬೇರೆಯವರಾಗಿದ್ದರೆ ದುಡ್ಡು ಕೀಳುವ ಉಪಾಯ ಅಂದುಕೊಳ್ಳುತ್ತಿದ್ದರು. ಇವನಿಗೆ ದೇವರೇ ಸಿಕ್ಕಂತಾಯಿತು.

"ನೋಡಿ ಅಣ್ಣಗಾರೂ, ಅದು ವೈದ್ಯ ಅಂದ್ರೆ! ಒಂದೇ ಮೀಟರ್ ನಂಬ್ಕೊಂಡು ಯಾರಾದ್ರೂ ಕುಲುಮೆ ನಡೆಸ್ತಾರಾ?"

ಎರಡು ಸಲವೂ ಕಡಿಮೆಯೇ ಬಂತು. ಆಮೇಲೆ ಪ್ರಾಸ್ಟೇಟ್ ಗ್ರಂಥಿಯ ಪರೀಕ್ಷೆ, ರಕ್ತ ಎಷ್ಟು ಗಟ್ಟಿ ಇದೆ ಎಂಬ ಪರೀಕ್ಷೆ. ಎಲ್ಲ ಸರಿ ಇದ್ದ ಮೇಲೆಯೇ ಔಷಧ: ಹದಿನಾಲ್ಕು ಪೊಟ್ಟಣಗಳ ಒಂದು ಡಬ್ಬಿ. ದಿನಕ್ಕೊಂದು ಪೊಟ್ಟಣದ ಜೆಲ್ ಭುಜಕ್ಕೆ ಸವರಬೇಕು, ಕೈ ತೊಳೆಯಬೇಕು, ಸವರಿದ ಜಾಗವನ್ನು ಹೆಂಗಸರು ಮಕ್ಕಳು ಮುಟ್ಟಬಾರದು.

ಮುಟ್ಟಬಾರದು ಅಂದರೆ ನಾವು ನೀವು ಏನು ಮಾಡುತ್ತಿದ್ದೆವು? ಅಂಗಿ ಹಾಕಿಕೊಂಡು ಸುಮ್ಮನಿರುತ್ತಿದ್ದೆವು. ಇವನು ಟ್ಯಾಗು ಹಾಕಿಕೊಂಡ!

ಟ್ಯಾಗು ಎಂದರೆ, ಕಾರ್ಖಾನೆಯಲ್ಲಿ ಯಂತ್ರದೊಳಗೆ ಯಾರಾದರೂ ರಿಪೇರಿಗೆ ಇಳಿದಾಗ ಅದರ ಸ್ವಿಚ್ಚಿಗೆ ನೇತು ಹಾಕುವ ಕೆಂಪು ಬಿಲ್ಲೆ. 'ಕೆಲಸ ನಡೆಯುತ್ತಿದೆ, ಮುಟ್ಟಬೇಡಿ' ಎಂದು ಬರೆದಿದ್ದು, ಕೆಳಗೆ ಹಾಕಿದವನ ಹೆಸರಿರುತ್ತದೆ. ಹಾಕಿದವನೇ ತೆಗೆಯಬೇಕು. ದೊಡ್ಡ ಸಾಹೇಬರು ಬಂದರೂ ಇನ್ನೊಬ್ಬರ ಟ್ಯಾಗು ಬಿಚ್ಚುವಂತಿಲ್ಲ. ತೆಗೆದರೆ ಒಳಗಿರುವವನ ಜೀವ ಹೋಗುತ್ತದೆ. ನಾನೂ ಎಸ್ಸೆಸ್ಸೆಲ್ಸಿ ಮುಗಿಸಿ ವಿಜಯವಾಡದ ಹತ್ತಿರ ಕೊಂಡಪಲ್ಲಿ ಪಕ್ಕದ ಥರ್ಮಲ್ ಸ್ಟೇಷನ್ನಿನಲ್ಲಿ ಕಲ್ಲಿದ್ದಲ ಬೆಲ್ಟು ನೋಡಿಕೊಂಡವನು, ನನಗೂ ಗೊತ್ತು. ಬೀಳ್ಕೊಡುಗೆಯ ದಿನ ಎಲ್ಲರೂ ಬೆಳ್ಳಿ ದೀಪ ತೆಗೆದುಕೊಂಡರೆ ಇವನು ಒಂದು ಹಳೇ ಕೆಂಪು ಟ್ಯಾಗು ಕೇಳಿ ಪಡೆದಿದ್ದ. ಈಗ ದಿನಾ ಬೆಳಿಗ್ಗೆ ಜೆಲ್ ಹಚ್ಚಿ, ಅದನ್ನು ಕೊರಳಿಗೆ ಹಾಕಿಕೊಂಡು, ಬನಿಯನ್ನಿನಲ್ಲಿ ವರಾಂಡದ ಕುರ್ಚಿಯಲ್ಲಿ ಕೂರುತ್ತಿದ್ದ. ನಾಲ್ಕು ವರ್ಷದ ಮೊಮ್ಮಗಳು ಮೂರು ಮಾರು ದೂರದಲ್ಲಿ ನಿಂತು ಕೇಳುತ್ತಿತ್ತು:

"ತಾತಾ, ಟ್ಯಾಗ್ ತೀಸೇಶಾವಾ?"

"ಇನ್ನೂ ತೆಗ್ದಿಲ್ಲ ಪುಟ್ಟಾ. ಒಣಗಲಿ, ತಾತ ಶರ್ಟ್ ಹಾಕ್ಕೊಳ್ಳಲಿ."

ಶರ್ಟು ಏರಿ ಟ್ಯಾಗು ಇಳಿದ ಕೂಡಲೇ ಮಗು ಓಡಿ ಬಂದು ತೊಡೆ ಏರುತ್ತಿತ್ತು. ಬೀದಿಯ ಸೊಪ್ಪಿನವಳೂ ಟ್ಯಾಗು ಕಂಡರೆ ಗೇಟಿನ ಆಚೆಯೇ ನಿಲ್ಲುತ್ತಿದ್ದಳು!

ಮೂರು ತಿಂಗಳಲ್ಲಿ ಮನುಷ್ಯ ಬದಲಾದ. ಹದಿನೆಂಟರ ಹುಡುಗನೇನೂ ಆಗಲಿಲ್ಲ. ಆದರೆ ಸಂಜೆ ಸಮುದ್ರದ ಕಡೆ ನಡೆಯತೊಡಗಿದ, ಸ್ನಾನದ ಮನೆಯಲ್ಲಿ ಹಾಡತೊಡಗಿದ. ನಾದಿನಿ ಲಾಗ್‌ಬುಕ್ಕಿನ ಮೇಲೆ ಎರಡು ಕ್ರೋಶಾ ಬಟ್ಟೆ ಮುಚ್ಚತೊಡಗಿದಳು! ರಕ್ತ ಸ್ವಲ್ಪ ಗಟ್ಟಿಯಾಗುತ್ತಿದೆ ಎಂದು ಡಾಕ್ಟರಮ್ಮ ಅಳತೆ ಇಳಿಸಿದಾಗಲೂ ಅವನು ಮುಖ ಸಣ್ಣದು ಮಾಡಲಿಲ್ಲ. "ಒತ್ತಡ ಏರಿದ್ರೆ ಗಾಳಿ ಕಡಿಮೆ ಮಾಡ್ಬೇಕು, ಅಷ್ಟೇ" ಎಂದ.

ಇನ್ನು ನನ್ನ ಪಾಪ ಹೇಳುತ್ತೇನೆ. ನಾನು ಮಾಡಿದ್ದು ಎರಡು.

ಮೊದಲನೆಯದು, ನಾನು ಅವನನ್ನು ಆಡಿಕೊಂಡದ್ದು. ವಿಜಯವಾಡದಲ್ಲಿ ಕನ್ನಡದವರು ನಾಲ್ಕು ಜನ ಸೇರಿದಲ್ಲೆಲ್ಲ ಅವನ ನಡಿಗೆ, ಅವನ ಟ್ಯಾಗು, ಅವನ ಸೊನ್ನೆಗಳನ್ನು ಅಭಿನಯಿಸಿ ತೋರಿಸುತ್ತಿದ್ದೆ. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ನಗುವವರ ನಡುವೆ ನನಗೊಂದು ವಿಷಯ ಗೊತ್ತಿತ್ತು. ಅವನು ಬರೆದುಕೊಂಡ ಆಯಾಸ, ಸಿಟ್ಟು, ಬೇಸರ ಎಲ್ಲವೂ ನನಗೂ ಇದ್ದವು. ನಾನು ಬರೆದಿರಲಿಲ್ಲ, ಅಷ್ಟೇ.

ಎರಡನೆಯದು ಕಳ್ಳತನ. ಸಂಕ್ರಾಂತಿಗೆ ವಿಶಾಖಪಟ್ಟಣದ ಗಾಜುವಾಕದಲ್ಲಿರುವ ಅವನ ಮನೆಗೆ ಹೋಗಿದ್ದೆವು. ಅವನು ಸ್ನಾನಕ್ಕೆ ಹೋದಾಗ ಹೊಸ ಡಬ್ಬಿ ತೆರೆದು, ಅನುಮಾನ ಬರದಿರಲೆಂದು ತಳದಿಂದ ನಾಲ್ಕು ಪೊಟ್ಟಣ ಎಗರಿಸಿ ನನ್ನ ಶೇವಿಂಗ್ ಚೀಲಕ್ಕೆ ಸೇರಿಸಿದೆ. ಊರಿಗೆ ಬಂದು ಬಾಗಿಲು ಹಾಕಿಕೊಂಡು ಹಚ್ಚಿದೆ. ಎಲ್ಲಿಗೆ ಅಂತೀರಿ? ಮೊಣಕಾಲಿಗೆ! ಸೋತದ್ದು ಅದೇ ಅಲ್ಲವೇ, ಶಕ್ತಿ ನೇರವಾಗಿ ಅಲ್ಲಿಗೇ ಹೋಗಲಿ ಎಂದು! ಮೂರು ದಿನದಲ್ಲಿ ಮೂರು ಪೊಟ್ಟಣ ಮುಗಿದವು. ಎರಡು ಮೊಣಕಾಲೂ ನುಣ್ಣಗಾದವು, ಬೇರೇನೂ ಆಗಲಿಲ್ಲ. ನಾಲ್ಕನೆಯದನ್ನು ತೆಗೆದು ನೋಡಿದರೆ, ಮೂಲೆಯಲ್ಲಿ ಮಾರ್ಕರ್ ಪೆನ್ನಿನಲ್ಲಿ ಚಿಕ್ಕದಾಗಿ 'ಹದಿನಾಲ್ಕು' ಎಂದು ಬರೆದಿತ್ತು. ಆ ಪುಣ್ಯಾತ್ಮ ಪೊಟ್ಟಣಗಳಿಗೂ ನಂಬರ್ ಹಾಕಿದ್ದ, ಅಂದಮೇಲೆ ದಿನಾ ಎಣಿಸುತ್ತಲೂ ಇರುತ್ತಾನೆ!

ಮರುದಿನ ಮಧ್ಯಾಹ್ನ ಬಾಗಿಲು ಬಡಿದ ಸದ್ದು. ನನ್ನ ಹೆಂಡತಿ ತೆಗೆದಳು. ಷಡ್ಡಕ!

ಮುಗಿಯಿತು ಅಂದುಕೊಂಡೆ. ತನ್ನ ಮರ್ಯಾದೆಯನ್ನೇ ಪಂಕ್ತಿಯಲ್ಲಿ ಹರಾಜು ಹಾಕಿದವನು, ನನ್ನದನ್ನು ಉಳಿಸುತ್ತಾನೆಯೇ?

"ಏನಪ್ಪಾ, ಫೋನೂ ಮಾಡ್ದೆ ಬಂದ್ಬಿಟ್ಟೆ?" ಅಂದಳು ಅವಳು.

"ನಂಗೆ ಇಲ್ಲೊಂದು ಲ್ಯಾಬಲ್ಲಿ ರಕ್ತ ಕೊಡೋದಿದೆ ಅತ್ತಿಗೆ. ಸೂಜಿ ಅಂದ್ರೆ ಭಯ. ಬೆಳಿಗ್ಗೆ ಅಣ್ಣಗಾರ್ನ ಜೊತೆಗೆ ಕಳ್ಸಿಕೊಡಿ."

ಸೂಜಿಗೆ ಭಯವಂತೆ, ಇವನಿಗೆ! ಬೆಳಿಗ್ಗೆ ಆಟೋದಲ್ಲಿ ಅವನು ಮೊದಲು ಕೇಳಿದ್ದು ಇದು.

"ಹಚ್ಚೋಕೆ ಮುಂಚೆ ಪ್ರಾಸ್ಟೇಟ್ ಟೆಸ್ಟ್ ಮಾಡಿಸಿದ್ರಾ?"

"ಇಲ್ಲ ಕಣಯ್ಯ."

"ಕಾಫಿ ಕುಡಿದಿಲ್ಲ ತಾನೇ? ಸರಿ, ಲ್ಯಾಬ್ ಬಂತು. ರಕ್ತ ಕೊಡೋದು ನೀವು, ತೋಳು ಮಡಚಿ."

ವರದಿ ಬಂತು. ನನ್ನ ಹಾರ್ಮೋನು ಅವನದಕ್ಕಿಂತ ಜಾಸ್ತಿ! ನಾನೂರ ಚಿಲ್ಲರೆ! ಸಾಹುಕಾರ ಬಡವನ ಮನೆಗೆ ಕನ್ನ ಹಾಕಿದ್ದ. ನಾನು ಹಲ್ಲು ಕಿಸಿದೆ, ಅವನು ನಗಲಿಲ್ಲ. ಎರಡನೆಯ ಹಾಳೆ ನೋಡುತ್ತಿದ್ದ. ಪ್ರಾಸ್ಟೇಟಿನ ಅಂಕಿ ಇರಬೇಕಾದ್ದಕ್ಕಿಂತ ಬಹಳ ಮೇಲಿತ್ತು.

"ಮತ್ತೆ ಇನ್ನೊಂದ್ ಸಲ ಮಾಡಿಸೋಣ" ಎಂದ. "ಒಂದೇ ಮೀಟರ್ ನಂಬಬಾರ್ದು."

ಮತ್ತೆಯೂ ಅಷ್ಟೇ ಬಂತು. ಸ್ಕ್ಯಾನು, ಚೂರು ತೆಗೆದು ಪರೀಕ್ಷೆ, ಕೊನೆಗೆ ಡಾಕ್ಟರ ಬಾಯಿಂದ ಆ ರೋಗದ ಹೆಸರು: ಕ್ಯಾನ್ಸರ್. ಇನ್ನೂ ಗ್ರಂಥಿ ದಾಟಿಲ್ಲ, ಬೇಗ ಸಿಕ್ಕಿದೆ ಎಂದರು. ಜೆಲ್ ಹಚ್ಚಿದ್ದನ್ನು ನಾನೇ ಅವರಿಗೆ ಹೇಳಿದೆ. ಮೂರು ಪೊಟ್ಟಣದಿಂದ ಬಂದದ್ದಲ್ಲ, ಆದರೆ ಆ ಹಾರ್ಮೋನು ಈ ರೋಗಕ್ಕೆ ಗೊಬ್ಬರ, ಯಾರಿಗೂ ಹೇಳದೆ ಹಚ್ಚುತ್ತಲೇ ಹೋಗಿದ್ದರೆ ಎಂದು ಅರ್ಧಕ್ಕೆ ನಿಲ್ಲಿಸಿದರು. ಆಯಾಸಕ್ಕೆ ಕಾರಣ ಥೈರಾಯ್ಡು ಎಂದು ಅದಕ್ಕೊಂದು ಮಾತ್ರೆಯೂ ಸಿಕ್ಕಿತು.

ವಿಶಾಖಪಟ್ಟಣದಲ್ಲಿ ಆಪರೇಷನ್ ಆಯಿತು. ಕಣ್ಣು ಬಿಟ್ಟಾಗ ಮಂಚದ ಕಂಬಿಗೆ ಏನೋ ಕೆಂಪಗೆ ನೇತಾಡುತ್ತಿತ್ತು. ಅದೇ ಟ್ಯಾಗು. ಹಳೇ ಬಿಲ್ಲೆಯ ಮೇಲೆ ಹೊಸದಾಗಿ ತನ್ನ ಹೆಸರು ಬರೆದಿದ್ದ. ತೆಗೆಯಲು ಬಂದ ನರ್ಸಮ್ಮನ ಜೊತೆ ಜಗಳ ನಡೆದಿತ್ತು.

"ಹಾಕಿದವನೇ ತೆಗೀಬೇಕಮ್ಮಾ, ಅದು ರೂಲು. ಅಲ್ಲೀವರೆಗೂ ಇವರು ಎಲ್ಲಿಗೂ ಹೋಗೋ ಹಾಗಿಲ್ಲ."

ನಾನು ಅವನ ಕೈ ಹಿಡಿದುಕೊಂಡೆ. "ಆ ಪೊಟ್ಟಣಗಳು... ನಾನೇ ಕಣಯ್ಯಾ..." ಎಂದೆ.

"ಯಾವ ಪೊಟ್ಟಣ?" ಎಂದ ಅವನು. ಪ್ರಪಂಚದ ಯಾವ ಅಂಕಿಯನ್ನೂ ಹೊಟ್ಟೆಯಲ್ಲಿಟ್ಟುಕೊಳ್ಳಲಾಗದವನು, ನಾಲ್ಕು ಅಂಕಿಗಳನ್ನು ಯಾರಿಗೂ ಹೇಳಲಿಲ್ಲ. ನಾದಿನಿಗೂ ಇಲ್ಲ, ನನ್ನ ಹೆಂಡತಿಗೂ ಇಲ್ಲ. ಅವಳು ಇದನ್ನು ಓದಿಯೇ ತಿಳಿಯಬೇಕು.

ಟ್ಯಾಗು ಈಗ ಕೊಂಡಪಲ್ಲಿಯ ನಮ್ಮ ಮನೆಯಲ್ಲಿ ನನ್ನ ಮಂಚಕ್ಕಿದೆ. ಕೊರಳಿಗೇನು ಹಾಕಿಕೊಳ್ಳುತ್ತೀಯ ಎಂದು ಅವನನ್ನು ಕೇಳಿದರೆ, ಮೊಮ್ಮಗಳು ಕೆಂಪು ರಟ್ಟಿನಲ್ಲಿ ಹೊಸದು ಮಾಡಿಕೊಟ್ಟಿದ್ದಾಳಂತೆ. ಮೂರು ತಿಂಗಳಿಗೊಮ್ಮೆ ನನ್ನ ರಕ್ತದ ವರದಿ ಬರುವ ದಿನ ರೈಲು ಹತ್ತಿ ಬರುತ್ತಾನೆ. ಕಳೆದ ಸಲ ಎಲ್ಲ ಚೆನ್ನಾಗಿತ್ತು.

"ಇನ್ನಾದ್ರೂ ತೆಗಿ ಮಾರಾಯ" ಎಂದೆ.

ಬಗ್ಗಿ ನೋಡಿದ. ದಾರ ಸವೆದಿತ್ತು. ಜೇಬಿನಿಂದ ಹೊಸ ದಾರ ತೆಗೆದು, ಎರಡು ಗಂಟು ಹಾಕಿ ಕಟ್ಟಿ ಹೋದ.